ಆಬ್ಜೆಕ್ಟ್ ಕಡತ ಓದಲು, ಬರೆಯಲು ಯಾವ ಸಿ ಲೈಬ್ರರಿ?

ಸಿ ಭಾಷೆಯಲ್ಲಿ ಟೂಲ್‌ಚೈನ್‌ಗೆ (ಕಂಪೈಲರ್, ಅಸೆಂಬ್ಲರ್, ಲಿಂಕರ್‌ಗಳ ಸರಣಿಗೆ) ಸಂಬಂಧಿಸಿದ ಸಣ್ಣ ಸಲಕರಣೆ ಬರೆಯಲು ಹೊರಟವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಕಂಪೈಲರ್ ಕೊಟ್ಟ ಡಾಟ್ ಓ ಕಡತವನ್ನು, ಅಂದರೆ ಇನ್ನೂ ಲಿಂಕ್ ಆಗದ ಯಂತ್ರಭಾಷೆಯ ಆಬ್ಜೆಕ್ಟ್ ಕಡತವನ್ನು, ತೆರೆದು ಒಳಗಿನ ಸಿಂಬಲ್‌ಗಳನ್ನು (ಫಂಕ್ಷನ್, ವೇರಿಯಬಲ್‌ಗಳ ಹೆಸರುಗಳನ್ನು) ಪಟ್ಟಿ ಮಾಡಬೇಕಾಗುತ್ತದೆ, ಇಲ್ಲವೇ ಅದಕ್ಕೊಂದು ಹೊಸ ಸೆಕ್ಷನ್ (ಕೋಡ್, ಡೇಟಾ ಮುಂತಾದವುಗಳ ವಿಭಾಗ) ಸೇರಿಸಬೇಕಾಗುತ್ತದೆ, ಇಲ್ಲವೇ ತಾವೇ ಬರೆದ ಪುಟ್ಟ ಕಂಪೈಲರ್‌ನಿಂದ ಅಂಥದೇ ಕಡತವನ್ನು ಹೊರಡಿಸಬೇಕಾಗುತ್ತದೆ. ಹುಡುಕಿದರೆ ಬಿಎಫ್‌ಡಿ, ಲಿಬ್‌ಎಲ್ಫ್, ಎಲ್‌ಎಲ್‌ವಿಎಂ, ಲೀಫ್ ಎಂದು ನಾಲ್ಕಾರು ಹೆಸರುಗಳು ಸಿಗುತ್ತವೆ. ಜೊತೆಗೆ ‘ಲೈಬ್ರರಿ ಯಾಕೆ, ಹೆಡರ್ ಕಡತವೊಂದಿದ್ದರೆ ಸಾಕು’ ಎನ್ನುವವರೂ ಸಿಗುತ್ತಾರೆ. ಇವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ; ಒಬ್ಬೊಬ್ಬರು ಒಂದೊಂದು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿರುತ್ತಾರೆ, ಅಷ್ಟೆ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಭಾರವಾದ ಪ್ರಶ್ನೆ, ನೀವು ಬರೀ ಓದುತ್ತೀರೋ ಅಥವಾ ಬರೆಯುತ್ತೀರೋ ಎಂಬುದು. ಓದುವಾಗ ತಪ್ಪಿದರೆ ತಪ್ಪು ಪರದೆಯ ಮೇಲೆಯೇ ಕಾಣುತ್ತದೆ. ಬರೆಯುವಾಗ ತಪ್ಪಿದರೆ ಅದು ಆಬ್ಜೆಕ್ಟ್ ಕಡತಗಳನ್ನು ಜೋಡಿಸುವ ಲಿಂಕರ್‌ನಲ್ಲೋ, ಲಿಂಕರ್ ಸುಮ್ಮನಿದ್ದರೆ ಗ್ರಾಹಕರ ಬೋರ್ಡಿನ ಮೇಲೋ ಕಾಣಿಸಿಕೊಳ್ಳುತ್ತದೆ. ಬರೆಯುವುದರಲ್ಲೂ ಎರಡು ಬಗೆಯಿದೆ: ಹೊಸ ಕಡತವನ್ನು ಮೊದಲಿನಿಂದ ಕಟ್ಟುವುದು ಒಂದು, ಇರುವ ಕಡತದಲ್ಲಿ ಒಂದೆರಡು ಕಡೆ ತಿದ್ದಿ ಉಳಿದದ್ದನ್ನು ಬೈಟೂ ಅಲುಗದಂತೆ ಬಿಡುವುದು ಇನ್ನೊಂದು. ಎರಡನೆಯದು ಸುಲಭದ್ದೆಂದು ಹೊರನೋಟಕ್ಕೆ ಅನಿಸುತ್ತದೆ, ಆದರೆ ನನ್ನ ಅನುಭವದಲ್ಲಿ ಹೆಚ್ಚು ಜನ ಎಡವುವುದು ಅಲ್ಲಿಯೇ.

ಎರಡನೆಯ ಪ್ರಶ್ನೆ ಫಾರ್ಮ್ಯಾಟ್‌ಗಳದು. ಲಿನಕ್ಸ್, ಬಿಎಸ್‌ಡಿಗಳು ಮತ್ತು ಬಹುಪಾಲು ಎಂಬೆಡೆಡ್ ಟೂಲ್‌ಚೈನ್‌ಗಳು ಬಳಸುವ ಎಲ್ಫ್ ಒಂದೇ ಸಾಕೇ, ಅಥವಾ ವಿಂಡೋಸ್‌ನ ಕಾಫ್, ಆಪಲ್‌ನ ಮ್ಯಾಕ್-ಓ ಕೂಡ ಬೇಕೇ? ‘ಮುಂದೆ ಬೇಕಾಗಬಹುದು’ ಎಂಬ ಉತ್ತರವನ್ನು ‘ಬೇಡ’ ಎಂದೇ ಓದಿಕೊಳ್ಳುವುದು ಒಳ್ಳೆಯದು. ಮೂರನೆಯದು ಪರವಾನಗಿ: ನಿಮ್ಮ ಸೋರ್ಸ್ ಕೋಡ್ ಮುಚ್ಚಿದ್ದಾದರೆ ಕೆಲವು ಬಾಗಿಲುಗಳು ಆಗಲೇ ಮುಚ್ಚಿರುತ್ತವೆ. ನಾಲ್ಕನೆಯದು ಕಾಲದ ವೆಚ್ಚ. ಇಲ್ಲಿ ಹೇಳುವ ಲೈಬ್ರರಿಗಳೆಲ್ಲ ಉಚಿತವಾಗಿಯೇ ಸಿಗುವುದರಿಂದ ನಿಜವಾದ ಬಜೆಟ್ ಎಂದರೆ ಇಂದು ಕಲಿಯಲು ಹಿಡಿಯುವ ದಿನಗಳು, ಮತ್ತು ಮೂರು ವರ್ಷದ ಬಳಿಕ ಹೊಸ ಡಿಸ್ಟ್ರಿಬ್ಯೂಶನ್‌ನಲ್ಲಿ ಕಟ್ಟಿದಾಗ ಮುರಿದದ್ದನ್ನು ಸರಿಪಡಿಸಲು ಹಿಡಿಯುವ ದಿನಗಳು. ಕೊನೆಯದಾಗಿ, ಕಡತ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ನಿಮ್ಮದೇ ಕಂಪೈಲರ್ ಕೊಟ್ಟದ್ದನ್ನು ನಂಬಬಹುದು. ಅಪರಿಚಿತರು ಕಳಿಸಿದ್ದನ್ನು ನಂಬುವಂತಿಲ್ಲ.

ಲೈಬ್ರರಿಯೇ ಬೇಡದ ದಾರಿಗಳು

ಕಂಪೈಲರ್ ಬರೆಯುತ್ತಿರುವ ವಿದ್ಯಾರ್ಥಿಗಳು ಕೇಳಿದಾಗ ನಾನು ಕೊಡುವ ಮೊದಲ ಸಲಹೆ ಯಾವ ಲೈಬ್ರರಿಯನ್ನೂ ಹಿಡಿಯಬೇಡಿ ಎಂಬುದೇ. ಅಸೆಂಬ್ಲಿ ಪಠ್ಯವನ್ನು ಬರೆದು ಅಸೆಂಬ್ಲರ್‌ಗೆ ಕೊಟ್ಟರೆ ಸಿಂಬಲ್ ಟೇಬಲ್, ಹೆಸರುಗಳ ಅಕ್ಷರಗಳನ್ನಿಡುವ ಸ್ಟ್ರಿಂಗ್ ಟೇಬಲ್, ಲಿಂಕರ್ ಮುಂದೆ ವಿಳಾಸ ತುಂಬಬೇಕಾದ ಜಾಗಗಳನ್ನು ಹೇಳುವ ರಿಲೊಕೇಶನ್ ಎಲ್ಲವನ್ನೂ ಅದೇ ಕಟ್ಟಿಕೊಡುತ್ತದೆ. ಗ್ನೂ ಕಂಪೈಲರ್ ಜಿಸಿಸಿ ಇಂದಿಗೂ ಹೀಗೆಯೇ ಮಾಡುತ್ತದೆ. ಹಾಗೆಯೇ ಒಂದು ಚಿತ್ರವನ್ನೋ ಕೋಷ್ಟಕವನ್ನೋ ಪ್ರೋಗ್ರಾಮಿನೊಳಗೆ ತುಂಬುವುದಷ್ಟೇ ಕೆಲಸವಾದರೆ ಅಸೆಂಬ್ಲರ್‌ನ ಇನ್‌ಬಿನ್ ನಿರ್ದೇಶನ ಸಾಕು. ಇರುವ ಸೆಕ್ಷನ್ನಿನ ಒಳಗನ್ನು ಬದಲಿಸುವುದಾದರೆ ಆಬ್ಜ್‌ಕಾಪಿ ಎಂಬ ಸಲಕರಣೆಯ ಅಪ್‌ಡೇಟ್-ಸೆಕ್ಷನ್ ಆಯ್ಕೆ ಸಾಕು. ಇವುಗಳಿಂದ ಕೆಲಸ ಮುಗಿಯುವುದಾದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಎಲ್ಫ್ ಹೆಡರ್ ಒಂದನ್ನೇ ಸೇರಿಸಿಕೊಂಡು, ಕಡತವನ್ನು ಎಂಮ್ಯಾಪ್ ಮಾಡಿ (ಮೆಮೊರಿಗೆ ಹೊಂದಿಸಿಕೊಂಡು), ಸ್ಟ್ರಕ್ಟ್‌ಗಳ ಮೂಲಕ ನೇರವಾಗಿ ಓದುವುದು ಇದರ ಮುಂದಿನ ಮೆಟ್ಟಿಲು. ಫಾರ್ಮ್ಯಾಟನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮೊದಲ ಬೈಟಿನ ಬೆಲೆ 127, ಅದರ ನಂತರ ಇ, ಎಲ್, ಎಫ್ ಎಂಬ ಮೂರು ಅಕ್ಷರಗಳು, ಐದನೆಯ ಬೈಟ್ 1 ಆದರೆ 32 ಬಿಟ್, 2 ಆದರೆ 64 ಬಿಟ್. ಆರನೆಯದು ಬೈಟ್‌ಗಳ ಕ್ರಮವನ್ನು ಹೇಳುತ್ತದೆ. 64 ಬಿಟ್ ಕಡತದಲ್ಲಿ ಹೆಡರ್ 64 ಬೈಟ್, ಪ್ರತಿ ಸೆಕ್ಷನ್ ಹೆಡರ್ 64 ಬೈಟ್, ಪ್ರತಿ ಸಿಂಬಲ್ 24 ಬೈಟ್. ಒಂದೇ ಯಂತ್ರದ, ನಿಮ್ಮದೇ ಕಂಪೈಲರ್‌ನ ಕಡತಗಳಲ್ಲಿ ಸಿಂಬಲ್ ಹೆಸರುಗಳನ್ನು ಪಟ್ಟಿ ಮಾಡಲು ನೂರು ಸಾಲು ಸಾಕು.

ತೊಂದರೆ ಶುರುವಾಗುವುದು ನೂರಾ ಒಂದನೆಯ ಸಾಲಿನಲ್ಲಿ. 32 ಬಿಟ್‌ನ ಸಿಂಬಲ್ ಸ್ಟ್ರಕ್ಟ್ 16 ಬೈಟಿನದು, ಮೇಲಾಗಿ ಅದರ ಫೀಲ್ಡ್‌ಗಳ ಕ್ರಮವೇ ಬೇರೆ. ಆದ್ದರಿಂದ ಅಗಲವನ್ನಷ್ಟೇ ಬದಲಿಸಿದರೆ ಕೆಲಸ ನಡೆಯುವುದಿಲ್ಲ. ಎಕ್ಸ್86-64ರಲ್ಲಿ ರಿಲೊಕೇಶನ್ನಿನ ಕೂಡುಬೆಲೆ (ಸಿಂಬಲ್‌ನ ವಿಳಾಸಕ್ಕೆ ಕೂಡಿಸಬೇಕಾದ ಸಂಖ್ಯೆ) ರಿಲೊಕೇಶನ್ ದಾಖಲೆಯಲ್ಲೇ ಇರುತ್ತದೆ, ಹಳೆಯ ಐ386ರಲ್ಲಿ ಅದು ತಿದ್ದಬೇಕಾದ ಜಾಗದಲ್ಲೇ ಅಡಗಿರುತ್ತದೆ. ಪ್ರತಿ ಫಂಕ್ಷನ್ನಿಗೆ ಒಂದು ಸೆಕ್ಷನ್ ಎಂದು ಕಂಪೈಲ್ ಮಾಡಿದ ದೊಡ್ಡ ಸಿ++ ಕಡತದಲ್ಲಿ ಸೆಕ್ಷನ್‌ಗಳ ಸಂಖ್ಯೆ 65,280 ಮುಟ್ಟಿದರೆ ಹೆಡರ್‌ನ ಸಂಖ್ಯೆ ಸೊನ್ನೆಯಾಗಿ, ನಿಜವಾದ ಎಣಿಕೆ ಸೊನ್ನೆಯನೆಯ ಸೆಕ್ಷನ್ನಿನ ಗಾತ್ರದ ಜಾಗಕ್ಕೆ ಹೋಗಿ ಕೂರುತ್ತದೆ. ಇದನ್ನು ಅರಿಯದ ಓದುಗ ಪ್ರೋಗ್ರಾಂ ‘ಸೆಕ್ಷನ್‌ಗಳೇ ಇಲ್ಲ’ ಎಂದು ನೆಮ್ಮದಿಯಿಂದ ವರದಿ ಮಾಡುತ್ತದೆ. ಇವನ್ನೆಲ್ಲ ನೀವೇ ಬರೆಯುತ್ತ ಹೋದರೆ ಕೊನೆಗೆ ಅರೆಬೆಂದ ಲಿಬ್‌ಎಲ್ಫ್ ಒಂದು ನಿಮ್ಮ ಕೈಯಲ್ಲಿರುತ್ತದೆ. ಇನ್ನೊಂದು ಮಾತು: ಮ್ಯಾಕ್‌ಓಎಸ್‌ನಲ್ಲಿ ಈ ಹೆಡರ್ ವ್ಯವಸ್ಥೆಯ ಜೊತೆ ಬರುವುದಿಲ್ಲ, ನೀವೇ ತಂದಿಟ್ಟುಕೊಳ್ಳಬೇಕು.

ಬಿಎಫ್‌ಡಿ: ಎಲ್ಲವನ್ನೂ ಬಲ್ಲದ್ದು, ಬೆಲೆಯನ್ನೂ ಬಲ್ಲದ್ದು

ಅಸೆಂಬ್ಲರ್, ಲಿಂಕರ್ ಮುಂತಾದ ಸಲಕರಣೆಗಳ ಸಂಗ್ರಹವಾದ ಗ್ನೂ ಬಿನ್‌ಯುಟಿಲ್ಸ್‌ನ ಒಳಗಿರುವ ಬಿಎಫ್‌ಡಿ ಈ ಕ್ಷೇತ್ರದ ಹಿರಿಯ. ಅಸೆಂಬ್ಲರ್, ಲಿಂಕರ್, ಕಡತದ ಒಳಗನ್ನು ತೋರಿಸುವ ಆಬ್ಜ್‌ಡಂಪ್, ಸಿಂಬಲ್ ಪಟ್ಟಿ ಮಾಡುವ ಎನ್‌ಎಂ, ಡೀಬಗರ್ ಆದ ಜಿಡಿಬಿ ಎಲ್ಲವೂ ಇದರ ಮೇಲೆ ನಿಂತಿವೆ. ಇಂಟೆಲ್‌ನ 960 ಪ್ರೊಸೆಸರ್‌ಗಾಗಿ ಕೆಲಸ ಮಾಡುತ್ತಿದ್ದ ತಂಡಕ್ಕೆ ಕಾಫ್ ಮತ್ತು ಬಿ.ಔಟ್ ಎಂಬ ಎರಡು ಫಾರ್ಮ್ಯಾಟ್‌ಗಳು ಒಟ್ಟಿಗೆ ನಡೆಯಬೇಕಾಗಿದ್ದಾಗ ಸಿಗ್ನಸ್ ಸಂಸ್ಥೆಯವರು ಇದನ್ನು ಕಟ್ಟಿದರು. ಇದು ಬಹಳ ಕಷ್ಟದ ಕೆಲಸ ಎಂದು ಗ್ನೂ ಯೋಜನೆಯ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಹೇಳಿದಾಗ ಡೇವಿಡ್ ವಾಲೇಸ್ ‘ಅದೇನು ಮಹಾ’ ಎಂಬ ಅರ್ಥದ ಒರಟು ಸಂಕ್ಷೇಪವೊಂದನ್ನು ಉತ್ತರವಾಗಿ ಕೊಟ್ಟರೆಂದೂ, ಅದೇ ಹೆಸರಾಗಿ ಉಳಿಯಿತೆಂದೂ, ಸ್ಟಾಲ್‌ಮನ್ ಹೇಳಿದ್ದೇ ಸರಿಯಿತ್ತೆಂದೂ ಬಿಎಫ್‌ಡಿಯ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ.

ಇದರ ಉಪಾಯ ಸರಳ. ಪ್ರತಿ ಫಾರ್ಮ್ಯಾಟ್‌ಗೂ ಒಂದು ಹಿಂಬದಿ ಕೋಡ್ ಇರುತ್ತದೆ. ಅದು ಕಡತವನ್ನು ಓದಿ ಸೆಕ್ಷನ್, ಸಿಂಬಲ್, ರಿಲೊಕೇಶನ್ ಎಂಬ ಮೂರು ಸಾಮಾನ್ಯ ರೂಪಗಳಿಗೆ ಇಳಿಸುತ್ತದೆ. ನಿಮ್ಮ ಕೋಡ್ ಆ ಸಾಮಾನ್ಯ ರೂಪದೊಂದಿಗೆ ಮಾತ್ರ ವ್ಯವಹರಿಸುತ್ತದೆ. ಕಡತವನ್ನು ತೆರೆದು, ಫಾರ್ಮ್ಯಾಟ್ ಪರೀಕ್ಷಿಸುವ ಕರೆಯನ್ನು ಮರೆಯದೆ ಮಾಡಿ (ಅದಿಲ್ಲದೆ ಸೆಕ್ಷನ್‌ಗಳು ಕಾಣುವುದೇ ಇಲ್ಲ), ಸಿಂಬಲ್‌ಗಳಿಗೆ ಎಷ್ಟು ಜಾಗ ಬೇಕೆಂದು ಕೇಳಿ, ಅಷ್ಟು ಮೆಮೊರಿ ಪಡೆದು, ತುಂಬಿಸಿಕೊಳ್ಳುವುದು ಓದುವ ಕ್ರಮ. ಎಲ್ಫ್‌ಗೆ ಬರೆದ ಈ ಕೋಡ್ ಬದಲಾವಣೆಯಿಲ್ಲದೆ ಕಾಫ್‌ನ ಮೇಲೂ ನಡೆಯುವುದನ್ನು ಮೊದಲ ಸಲ ಕಂಡಾಗ ಯಾರಿಗಾದರೂ ಸಂತೋಷವಾಗುತ್ತದೆ.

ಬರೆಯುವಾಗ ಇದು ಕೊಡುವ ಸಹಾಯ ಇನ್ನೂ ದೊಡ್ಡದು. ಎಲ್ಫ್‌ನಲ್ಲಿ ಲೋಕಲ್ ಸಿಂಬಲ್‌ಗಳೆಲ್ಲ ಗ್ಲೋಬಲ್‌ಗಳಿಗಿಂತ ಮುಂದೆ ಇರಬೇಕು, ಮೊದಲ ಗ್ಲೋಬಲ್ ಎಷ್ಟನೆಯದೆಂಬುದನ್ನು ಸಿಂಬಲ್ ಟೇಬಲ್‌ನ ಸೆಕ್ಷನ್ ಹೆಡರ್‌ನಲ್ಲಿ ನಮೂದಿಸಬೇಕು. ಬಿಎಫ್‌ಡಿ ಈ ವಿಂಗಡಣೆಯನ್ನೂ ಸ್ಟ್ರಿಂಗ್ ಟೇಬಲ್‌ನ ಜೋಡಣೆಯನ್ನೂ ತಾನೇ ಮಾಡಿಕೊಳ್ಳುತ್ತದೆ. ನೀವು ಪಾಲಿಸಬೇಕಾದ ಶಿಸ್ತು ಒಂದೇ: ಎಲ್ಲ ಸೆಕ್ಷನ್‌ಗಳ ಗಾತ್ರವನ್ನು ಮೊದಲೇ ನಿಗದಿ ಮಾಡಬೇಕು. ಒಂದು ಸೆಕ್ಷನ್ನಿನ ಒಳಗನ್ನು ಬರೆಯತೊಡಗಿದ ಮೇಲೆ ಇನ್ನೊಂದರ ಗಾತ್ರ ಬದಲಿಸಲು ಅದು ಬಿಡುವುದಿಲ್ಲ.

ಈಗ ಬೆಲೆಯ ವಿಷಯ. ಸಾಮಾನ್ಯ ರೂಪದಲ್ಲಿ ಹಿಡಿಸದ ವಿವರ ಅಲ್ಲಿ ಕಳೆದುಹೋಗುತ್ತದೆ. ಫಾರ್ಮ್ಯಾಟ್‌ನಿಂದ ಫಾರ್ಮ್ಯಾಟ್‌ಗೆ ಹೋಗುವಾಗ ಮಾಹಿತಿ ನಷ್ಟವಾಗುತ್ತದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಒಂದು ಪುಟ್ಟ ಸಿ ಕಡತವನ್ನು ಕಂಪೈಲ್ ಮಾಡಿ ಎರಡು ಸಲಕರಣೆಗಳಿಂದ ತೆರೆಯಿರಿ. ನನ್ನ ಎಕ್ಸ್86-64 ಯಂತ್ರದಲ್ಲಿ, ಒಂದೇ ಸಾಲು ಮುದ್ರಿಸುವ ಪ್ರೋಗ್ರಾಮಿಗೆ, ರೀಡ್‌ಎಲ್ಫ್ 14 ಸೆಕ್ಷನ್‌ಗಳನ್ನು ತೋರಿಸುತ್ತದೆ, ಆಬ್ಜ್‌ಡಂಪ್ 8ನ್ನು ಮಾತ್ರ. ಸಿಂಬಲ್ ಟೇಬಲ್, ಎರಡು ಸ್ಟ್ರಿಂಗ್ ಟೇಬಲ್‌ಗಳು, ಎರಡು ರಿಲೊಕೇಶನ್ ಸೆಕ್ಷನ್‌ಗಳು, ಮೊದಲಿನ ಖಾಲಿ ನಮೂದು, ಇವಾರೂ ಬಿಎಫ್‌ಡಿಯ ದೃಷ್ಟಿಯಲ್ಲಿ ಸೆಕ್ಷನ್‌ಗಳೇ ಅಲ್ಲ.  ಆದ್ದರಿಂದ ‘ಒಂದು ಕಡೆ ತಿದ್ದಿ ಉಳಿದದ್ದನ್ನು ಹಾಗೆಯೇ ಬಿಡು’ ಎನ್ನುವ ಕೆಲಸಕ್ಕೆ ಬಿಎಫ್‌ಡಿಯನ್ನು ನಾನು ಸೂಚಿಸುವುದಿಲ್ಲ.

ನಿರ್ವಹಣೆಯ ಖರ್ಚೂ ಕಡಿಮೆಯಲ್ಲ. ಹೆಡರನ್ನು ಸೇರಿಸಿದ ಕೂಡಲೇ, ‘ಇದಕ್ಕೂ ಮುಂಚೆ ಕಾನ್ಫಿಗ್ ಹೆಡರ್ ಸೇರಿಸಬೇಕು’ ಎಂಬ ದೋಷ ಬರುತ್ತದೆ. ಪ್ಯಾಕೇಜ್ ಎಂಬ ಮ್ಯಾಕ್ರೋವನ್ನು ನೀವೇ ಡಿಫೈನ್ ಮಾಡಿ ಅದನ್ನು ಸುಮ್ಮನಾಗಿಸಬೇಕು. ಹೊರಗಿನವರು ಬಳಸಲೆಂದು ಇದನ್ನು ಮಾಡಿಲ್ಲ ಎಂಬ ಸೂಚನೆ ಅದರಲ್ಲೇ ಇದೆ. 2020ರಲ್ಲಿ ಬಂದ ಬಿನ್‌ಯುಟಿಲ್ಸ್ 2.34ರಲ್ಲಿ ಸೆಕ್ಷನ್ನಿನ ವಿಳಾಸ, ಫ್ಲ್ಯಾಗ್ ಮುಂತಾದುವನ್ನು ಕೇಳುವ ಕರೆಗಳ ಹೆಸರು ಮತ್ತು ಆರ್ಗ್ಯುಮೆಂಟ್‌ಗಳು ಬದಲಾದಾಗ ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳ ವೇಗ ಅಳೆಯುವ ಪರ್ಫ್ ಕೂಡ ತೇಪೆ ಹಾಕಿಕೊಳ್ಳಬೇಕಾಯಿತು. ಡೆಬಿಯನ್ ತನ್ನ ಬಿನ್‌ಯುಟಿಲ್ಸ್ ಡೆವ್ ಪ್ಯಾಕೇಜಿನ ವಿವರಣೆಯಲ್ಲೇ, ಶೇರ್ಡ್ ಬಿಎಫ್‌ಡಿಯನ್ನು ಅವಲಂಬಿಸುವ ಪ್ಯಾಕೇಜುಗಳನ್ನು ಕಟ್ಟುವಂತಿಲ್ಲ ಎಂದು ಬರೆದಿದೆ. ಪರವಾನಗಿ 2007ರಿಂದ ಜಿಪಿಎಲ್‌ನ 3ನೆಯ ಆವೃತ್ತಿ, ಅಂದರೆ ಇದನ್ನು ಸೇರಿಸಿಕೊಂಡ ಪ್ರೋಗ್ರಾಮನ್ನು ಹಂಚುವಾಗ ಅದರ ಸೋರ್ಸನ್ನೂ ತೆರೆದಿಡಬೇಕು. ಮುಚ್ಚಿದ ಸೋರ್ಸ್‌ನ ಉತ್ಪನ್ನದ ಮಟ್ಟಿಗೆ ಚರ್ಚೆ ಇಲ್ಲಿಗೇ ಮುಗಿಯುತ್ತದೆ.

ಲಿಬ್‌ಎಲ್ಫ್: ಒಂದೇ ಫಾರ್ಮ್ಯಾಟ್, ಒಂದೇ ಮನಸ್ಸು

ಎಲ್ಫ್ ಫಾರ್ಮ್ಯಾಟಿನ ಜೊತೆಗೇ ಯುನಿಕ್ಸ್ ಸಿಸ್ಟಂ 5ರ 4ನೆಯ ಬಿಡುಗಡೆಯಿಂದ ಬಂದದ್ದು ಲಿಬ್‌ಎಲ್ಫ್. ಅದು ಒಂದು ಲೈಬ್ರರಿಗಿಂತ ಹೆಚ್ಚಾಗಿ ಒಂದು ಒಪ್ಪಿತ ಇಂಟರ್‌ಫೇಸ್. ಅದನ್ನು ಹಲವರು ಬೇರೆ ಬೇರೆಯಾಗಿ ಬರೆದಿದ್ದಾರೆ. ಲಿನಕ್ಸ್‌ನಲ್ಲಿ ಸಿಗುವುದು ಎಲ್ಫ್‌ಯುಟಿಲ್ಸ್‌ನದು, ಅದರ ಲೈಬ್ರರಿಗಳನ್ನು ಎಲ್‌ಜಿಪಿಎಲ್ 3 ಅಥವಾ ಜಿಪಿಎಲ್ 2, ಇವೆರಡರಲ್ಲಿ ಬೇಕಾದ್ದರ ಅಡಿಯಲ್ಲಿ ಬಳಸಬಹುದು. ಫ್ರೀಬಿಎಸ್‌ಡಿಯಲ್ಲಿರುವುದು ಎಲ್ಫ್ ಟೂಲ್‌ಚೈನ್ ಯೋಜನೆಯದು, ಅದರದು ಉದಾರವಾದ ಬಿಎಸ್‌ಡಿ ಪರವಾನಗಿ. ಸೊಲಾರಿಸ್‌ನದು ಮತ್ತೊಂದು. ಹಳೆಯ ಪ್ಯಾಕೇಜುಗಳಲ್ಲಿ 0.8.13 ಎಂಬ ಸಂಖ್ಯೆಯ ಇನ್ನೊಂದು ಲಿಬ್‌ಎಲ್ಫ್ ಸಿಕ್ಕರೆ ಅದನ್ನು ಬಿಟ್ಟುಬಿಡಿ, ಅದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ.

ಮೂಲ ಕರೆಗಳು ಎಲ್ಲದರಲ್ಲೂ ಒಂದೇ ಇರುವುದರಿಂದ, ಎಲ್ಫ್‌ಯುಟಿಲ್ಸ್‌ನ ವಿಶೇಷ ಕರೆಗಳನ್ನು ದೂರವಿಟ್ಟರೆ ನಿಮ್ಮ ಕೋಡ್ ಒಂದರಿಂದ ಇನ್ನೊಂದಕ್ಕೆ ಹೆಚ್ಚು ತಕರಾರಿಲ್ಲದೆ ಹೋಗುತ್ತದೆ. ಎಲ್ಲಕ್ಕಿಂತ ಮೊದಲು ಎಲ್ಫ್ ವರ್ಶನ್ ಎಂಬ ಕರೆಯನ್ನು ಮಾಡಲೇಬೇಕೆಂಬುದು ನಿಯಮ. ನಂತರ ಎಲ್ಫ್ ಬಿಗಿನ್‌ನಿಂದ ತೆರೆದು, ಸೆಕ್ಷನ್‌ಗಳನ್ನು ಒಂದೊಂದಾಗಿ ದಾಟುತ್ತ, ಜಿ-ಎಲ್ಫ್ ಕರೆಗಳ ಮೂಲಕ ಹೆಡರ್‌ಗಳನ್ನು ಪಡೆದರೆ 32 ಬಿಟ್ ಮತ್ತು 64 ಬಿಟ್‌ಗಳ ಭೇದ ನಿಮಗೆ ತಟ್ಟುವುದಿಲ್ಲ. ಬೈಟ್ ಕ್ರಮವನ್ನೂ ಅದೇ ತಿರುಗಿಸಿಕೊಡುತ್ತದೆ. ಆದರೂ ಎಲ್ಫ್‌ನ ಯಾವ ಫೀಲ್ಡ್ ಕೂಡ ಮರೆಯಾಗುವುದಿಲ್ಲ: ಸೆಕ್ಷನ್ನಿನ ಪ್ರಕಾರ, ಲಿಂಕ್, ಇನ್ಫೋ ಎಲ್ಲವೂ ಇದ್ದಲ್ಲೇ ಇರುತ್ತವೆ.

ಈ ಪಾರದರ್ಶಕತೆಯ ಮತ್ತೊಂದು ಮುಖವೇ ಇದರ ದುಡಿಮೆ. ಸ್ಟ್ರಿಂಗ್ ಟೇಬಲ್ ಕಟ್ಟುವುದು ನಿಮ್ಮ ಕೆಲಸ. ಲೋಕಲ್‌ಗಳನ್ನು ಮುಂದೆ ತಂದು ಮೊದಲ ಗ್ಲೋಬಲ್‌ನ ಸಂಖ್ಯೆ ಬರೆಯುವುದು ನಿಮ್ಮ ಕೆಲಸ. ರಿಲೊಕೇಶನ್ ಸೆಕ್ಷನ್ ಯಾವ ಸಿಂಬಲ್ ಟೇಬಲ್ಲಿಗೆ ಸೇರಿದ್ದು, ಯಾವ ಸೆಕ್ಷನ್ನನ್ನು ತಿದ್ದುತ್ತದೆ ಎಂಬ ಎರಡು ಸಂಖ್ಯೆಗಳೂ ನಿಮ್ಮವೇ. ನೀವು ಕೊಟ್ಟ ಬಫರ್ ಅನ್ನು ಲಿಬ್‌ಎಲ್ಫ್ ನಕಲು ಮಾಡಿಕೊಳ್ಳುವುದಿಲ್ಲ. ಎಲ್ಫ್ ಅಪ್‌ಡೇಟ್ ಮುಗಿಯುವವರೆಗೂ ಆ ಮೆಮೊರಿ ಬದುಕಿರಬೇಕು. ಫಂಕ್ಷನ್ ಒಂದರ ಲೋಕಲ್ ಅರೇಯನ್ನು ಕೊಟ್ಟು ಹಿಂತಿರುಗಿದರೆ ಕಡತದ ತುಂಬ ಸ್ಟ್ಯಾಕ್‌ನ ಕಸ ಬರುತ್ತದೆ.

ಇದರಲ್ಲಿ ನಾನೇ ತಿಂದ ಪೆಟ್ಟೊಂದನ್ನು ಹೇಳಬೇಕು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಲಿಂಕ್ ಆದ ಫರ್ಮ್‌ವೇರ್ ಕಡತದ ಒಂದು ಸೆಕ್ಷನ್ನಿಗೆ ಬಿಲ್ಡ್ ಸಂಖ್ಯೆ ಬರೆಯುವ ಸಲಕರಣೆಯನ್ನು ಲಿಬ್‌ಎಲ್ಫ್‌ನಿಂದ ಮಾಡಿದ್ದೆ. ಡಾಟ್ ಓ ಕಡತಗಳ ಮೇಲೆ ತಿಂಗಳುಗಟ್ಟಲೆ ಸರಿಯಾಗಿ ನಡೆದಿದ್ದ ಕೋಡ್ ಅದು. ಪೂರ್ತಿ ಲಿಂಕ್ ಆದ ಕಡತಕ್ಕೆ ಬಳಸಿದ ದಿನ ಬೋರ್ಡ್ ಏಳಲೇ ಇಲ್ಲ. ಕಾರಣ ಇಷ್ಟೇ: ಬೇರೆ ಸೂಚನೆ ಇಲ್ಲದಿದ್ದರೆ ಲಿಬ್‌ಎಲ್ಫ್ ಬರೆಯುವಾಗ ಸೆಕ್ಷನ್‌ಗಳ ಜಾಗವನ್ನು ತಾನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಕಡತದ ಯಾವ ಭಾಗವನ್ನು ಮೆಮೊರಿಯಲ್ಲಿ ಎಲ್ಲಿ ತುಂಬಬೇಕೆಂದು ಹೇಳುವ ಪ್ರೋಗ್ರಾಂ ಹೆಡರ್‌ಗಳು ಡಾಟ್ ಓ ಕಡತದಲ್ಲಿ ಇಲ್ಲದ ಕಾರಣ ಅದರಿಂದ ತೊಂದರೆಯಿಲ್ಲ. ಲಿಂಕ್ ಆದ ಕಡತದಲ್ಲಿ ಮಾತ್ರ ಸೆಕ್ಷನ್‌ಗಳು ಸರಿದು, ಪ್ರೋಗ್ರಾಂ ಹೆಡರ್‌ಗಳು ಹಳೆಯ ಜಾಗವನ್ನೇ ತೋರಿಸುತ್ತ ಉಳಿದಿದ್ದವು. ಲೇಔಟ್ ನನ್ನದು ಎಂದು ತಿಳಿಸುವ ಫ್ಲ್ಯಾಗ್ ಒಂದನ್ನು ಹಾಕಿದ ಮೇಲೆ ಎಲ್ಲ ಸರಿಹೋಯಿತು. ಒಂದು ಸಾಲಿನ ತಿದ್ದುಪಡಿಗೆ ಎರಡು ದಿನ ಹೋಗಿತ್ತು.

ಇಷ್ಟಾದರೂ ಎಲ್ಫ್ ಕಡತವನ್ನು ಬರೆಯಬೇಕಾದವರಿಗೆ ನನ್ನ ಆಯ್ಕೆ ಇದೇ. ಲಿನಕ್ಸ್ ಕರ್ನಲ್‌ನ ಆಬ್ಜ್‌ಟೂಲ್ 2017ರ 4.14ನೆಯ ಆವೃತ್ತಿಯಿಂದ ಓಆರ್‌ಸಿ ಅನ್‌ವೈಂಡ್ ಕೋಷ್ಟಕಗಳನ್ನು (ಫಂಕ್ಷನ್ ಕರೆಗಳ ಜಾಡನ್ನು ಹಿಂದಕ್ಕೆ ಹಿಡಿಯಲು ಬೇಕಾದವನ್ನು) ಆಬ್ಜೆಕ್ಟ್ ಕಡತಗಳಿಗೆ ಸೇರಿಸುವುದು ಲಿಬ್‌ಎಲ್ಫ್‌ನಿಂದಲೇ. ಕರ್ನಲ್‌ಗೆ ಬಿಪಿಎಫ್ ಪ್ರೋಗ್ರಾಮುಗಳನ್ನು ಏರಿಸುವ ಲಿಬ್‌ಬಿಪಿಎಫ್ ನಿಂತಿರುವುದೂ ಅದರ ಮೇಲೆಯೇ. ಆಬ್ಜ್‌ಟೂಲ್‌ನ ಎಲ್ಫ್ ಭಾಗದ ಸೋರ್ಸ್ ಕೋಡನ್ನು ಓದುವುದು ಯಾವ ಪಾಠಕ್ಕೂ ಕಡಿಮೆಯಲ್ಲ.

ಉಳಿದವು

ಕಂಪೈಲರ್ ಕಟ್ಟುವ ಲೈಬ್ರರಿಗಳ ಸಂಗ್ರಹವಾದ ಎಲ್‌ಎಲ್‌ವಿಎಂ ಎಲ್ಫ್, ಕಾಫ್, ಮ್ಯಾಕ್-ಓ ಮೂರನ್ನೂ ಚೆನ್ನಾಗಿ ಬಲ್ಲದು, ಪರವಾನಗಿಯೂ ಸಡಿಲವಾದದ್ದು. ಆದರೆ ಅದು ಸಿ++ ಲೋಕ. ಅದರ ಸಿ ಇಂಟರ್‌ಫೇಸ್‌ನಲ್ಲಿ ಆಬ್ಜೆಕ್ಟ್ ಕಡತದ ಸೆಕ್ಷನ್, ಸಿಂಬಲ್, ರಿಲೊಕೇಶನ್‌ಗಳನ್ನು ಓದಬಹುದೇ ಹೊರತು ತಿದ್ದಿ ಬರೆಯಲಾಗದು. ಆರು ತಿಂಗಳಿಗೊಂದು ದೊಡ್ಡ ಬಿಡುಗಡೆ ಬರುತ್ತದೆ, ಲೈಬ್ರರಿಯ ಗಾತ್ರವೂ ಸಣ್ಣದಲ್ಲ. ಕೋಡ್ ಹುಟ್ಟಿಸಲು ಹೇಗೂ ಎಲ್‌ಎಲ್‌ವಿಎಂ ಬಳಸುತ್ತಿದ್ದೀರಾದರೆ ಆಬ್ಜೆಕ್ಟ್ ಕಡತವನ್ನೂ ಅದೇ ಬರೆಯಲಿ; ಇಲ್ಲದಿದ್ದರೆ ಇದೊಂದಕ್ಕಾಗಿ ಅದನ್ನು ಮನೆಗೆ ಕರೆಯಬೇಡಿ. ಲೀಫ್ ಕೂಡ ಸಿ++ನದೇ, ಪೈಥಾನ್‌ನಿಂದ ಬಳಸಲು ಬಹಳ ಹಿತ, ಅದರ ಸಿ ಮುಖ ಮಾತ್ರ ಕಿರಿದು. ಲಿಂಕ್ ಆದ ಕಡತಗಳನ್ನು ಪರಿಶೀಲಿಸುವವರಿಗೆ ಅದು ಹೆಚ್ಚು ಒದಗುತ್ತದೆ.

ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದಿದೆ: ಜಿಸಿಸಿಯೊಳಗಿನ ಲಿಬ್‌ಐಬರ್ಟಿ ಎಂಬ ಸಹಾಯಕ ಲೈಬ್ರರಿಯ ಸಿಂಪಲ್-ಆಬ್ಜೆಕ್ಟ್. ಶುದ್ಧ ಸಿಯಲ್ಲಿದೆ, ಎಲ್ಫ್, ಕಾಫ್, ಮ್ಯಾಕ್-ಓ ಕಡತಗಳಲ್ಲಿ ಹೆಸರಿನಿಂದ ಸೆಕ್ಷನ್ ಹುಡುಕುತ್ತದೆ, ಸೆಕ್ಷನ್‌ಗಳಷ್ಟೇ ಇರುವ ಹೊಸ ಕಡತವನ್ನು ಬರೆಯುತ್ತದೆ. ಸಿಂಬಲ್ ಸೇರಿಸಲು, ರಿಲೊಕೇಶನ್ ಬರೆಯಲು ಅದರಲ್ಲಿ ಅವಕಾಶವಿಲ್ಲ. ಪ್ರತ್ಯೇಕ ಲೈಬ್ರರಿಯಾಗಿ ನೆಚ್ಚಿಕೊಳ್ಳುವ ಬದಲು ಸೋರ್ಸ್ ಅನ್ನೇ ನಿಮ್ಮ ಯೋಜನೆಯೊಳಗೆ ತಂದುಕೊಳ್ಳುವುದು ರೂಢಿ; ಹಾಗೆ ತರುವಾಗ ಪ್ರತಿ ಕಡತದ ತಲೆಯಲ್ಲಿರುವ ಪರವಾನಗಿಯನ್ನು ಓದಿಕೊಳ್ಳಿ, ಲಿಬ್‌ಐಬರ್ಟಿಯಲ್ಲಿ ಎಲ್ಲ ಕಡತಗಳದೂ ಒಂದೇ ಅಲ್ಲ.

ಯಾರಿಗೆ ಯಾವುದು

ತರಗತಿಯ ಯೋಜನೆಗೆ ಕಂಪೈಲರ್ ಬರೆಯುತ್ತಿರುವವರು ಅಸೆಂಬ್ಲರ್‌ಗೆ ಪಠ್ಯ ಕೊಡಲಿ. ಸಮಯ ಉಳಿದರೆ, ಕಲಿಯುವ ಸಂತೋಷಕ್ಕಾಗಿ, ಒಂದೇ ಯಂತ್ರಕ್ಕೆ 64 ಬಿಟ್ ಎಲ್ಫ್ ಕಡತವನ್ನು ಕೈಯಾರೆ ಬರೆದು ನೋಡಲಿ. ಲಿನಕ್ಸ್‌ನಲ್ಲಿ ಆಬ್ಜೆಕ್ಟ್ ಕಡತಗಳನ್ನು ಪರಿಶೀಲಿಸುವ ಅಥವಾ ತಿದ್ದುವ ಸಲಕರಣೆ ಮಾಡುವವರು ಎಲ್ಫ್‌ಯುಟಿಲ್ಸ್ ಹಿಡಿಯಲಿ; ಡ್ವಾರ್ಫ್ ಡೀಬಗ್ ಮಾಹಿತಿಯೂ ಬೇಕಾದರೆ ಅದೇ ಮನೆಯ ಲಿಬ್‌ಡಿಡಬ್ಲ್ಯು ಪಕ್ಕದಲ್ಲೇ ಇದೆ. ಮುಚ್ಚಿದ ಉತ್ಪನ್ನಕ್ಕೆ ಸ್ಟ್ಯಾಟಿಕ್ ಆಗಿ (ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಸೇರಿಸಿ) ಲಿಂಕ್ ಮಾಡಬೇಕಾದವರಿಗೆ ಎಲ್ಫ್ ಟೂಲ್‌ಚೈನ್‌ನ ಲಿಬ್‌ಎಲ್ಫ್ ನಿಶ್ಚಿಂತೆಯದು. ಹತ್ತಾರು ಹಳೆಯ ಫಾರ್ಮ್ಯಾಟ್‌ಗಳು ನಿಜವಾಗಿಯೂ ಎದುರಿಗಿದ್ದು, ಜಿಪಿಎಲ್ ಒಪ್ಪಿಗೆಯಿದ್ದು, ಬಿನ್‌ಯುಟಿಲ್ಸ್‌ನ ಒಂದು ಆವೃತ್ತಿಯನ್ನು ನಿಮ್ಮ ಜೊತೆಗೇ ಕಟ್ಟಿ ಸ್ಟ್ಯಾಟಿಕ್ ಆಗಿ ಸೇರಿಸಿಕೊಳ್ಳಲು ಸಿದ್ಧರಿದ್ದರೆ ಬಿಎಫ್‌ಡಿಗೆ ಸಾಟಿಯಿಲ್ಲ. ಅಪರಿಚಿತ ಕಡತಗಳನ್ನು ಓದುವವರು ಯಾವ ಲೈಬ್ರರಿಯನ್ನು ಹಿಡಿದರೂ ಆ ಭಾಗವನ್ನು ಕಡಿಮೆ ಅಧಿಕಾರದ ಬೇರೆ ಪ್ರೊಸೆಸ್‌ನಲ್ಲಿ ಇಡಬೇಕು, ಏಕೆಂದರೆ ಅಡ್ಡಾದಿಡ್ಡಿ ಕಡತಗಳನ್ನು ಕೊಟ್ಟು ನೋಡುವ ಫಜ್ ಪರೀಕ್ಷೆಗಳು ಬಿಎಫ್‌ಡಿಯಲ್ಲೂ ಎಲ್ಫ್‌ಯುಟಿಲ್ಸ್‌ನಲ್ಲೂ ದೋಷಗಳನ್ನು ಹೊರಗೆಳೆಯುತ್ತಲೇ ಬಂದಿವೆ.

ಬರೆದ ಕಡತವನ್ನು ಬರೆದ ಲೈಬ್ರರಿಯಿಂದಲೇ ಓದಿ ಪರೀಕ್ಷಿಸಿದರೆ ಎರಡೂ ಕಡೆ ಒಂದೇ ತಪ್ಪು ಇರುವ ಸಂಭವವಿದೆ. ರೀಡ್‌ಎಲ್ಫ್ ಅನ್ನು ಬಿಎಫ್‌ಡಿಯಿಂದ ಬೇಕೆಂದೇ ಸ್ವತಂತ್ರವಾಗಿ ಇಟ್ಟಿದ್ದಾರೆ, ಆದ್ದರಿಂದ ಬಿಎಫ್‌ಡಿಯಿಂದ ಬರೆದದ್ದಕ್ಕೆ ಅದು ಒಳ್ಳೆಯ ಸಾಕ್ಷಿ. ಎಲ್ಫ್‌ಯುಟಿಲ್ಸ್‌ನ ಎಲ್ಫ್‌ಲಿಂಟ್ ಸಿಂಬಲ್‌ಗಳ ಕ್ರಮದಂಥ ತಪ್ಪುಗಳನ್ನು ಹೆಸರಿಟ್ಟು ಹೇಳುತ್ತದೆ. ಗ್ನೂ ಲಿಂಕರ್ ಮಾಡುವ ಕೆಲವು ವಿಚಿತ್ರಗಳನ್ನು ಕ್ಷಮಿಸುವಂತೆ ಅದಕ್ಕೆ ಹೇಳುವ ಆಯ್ಕೆಯೂ ಇದೆ. ಕೈಯಾರೆ ಕಟ್ಟಿದ ಕಡತದಲ್ಲಿ ಸ್ಟ್ಯಾಕ್‌ನಲ್ಲಿ ಕೋಡ್ ನಡೆಸಬೇಕಿಲ್ಲ ಎಂದು ಸೂಚಿಸುವ ಖಾಲಿ ನೋಟ್ ಸೆಕ್ಷನ್ ಮರೆತಿದ್ದರೆ ಬಿನ್‌ಯುಟಿಲ್ಸ್ 2.39ರಿಂದ ಈಚಿನ ಲಿಂಕರ್ ಎಚ್ಚರಿಕೆ ಕೊಡುತ್ತದೆ, ಅದನ್ನು ಅಲ್ಲಗಳೆಯಬೇಡಿ. ಇವೆಲ್ಲ ದಾಟಿದ ಮೇಲೆ, ಕ್ರಾಸ್ ಕಂಪೈಲರ್‌ನಿಂದ ಪವರ್‌ಪಿಸಿಯ 32 ಬಿಟ್ ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಬೈಟ್ ಮೊದಲು ಬರುವ) ಕಡತವೊಂದನ್ನು ಮಾಡಿ ನಿಮ್ಮ ಸಲಕರಣೆಗೆ ಕೊಡಿ. ಸೆಕ್ಷನ್‌ಗಳ ಸಂಖ್ಯೆ 14ರ ಬದಲು ಅದರ ಎರಡು ಬೈಟ್‌ಗಳು ಅದಲುಬದಲಾಗಿ 3,584 ಎಂದು ಬಂದರೆ, ಎಲ್ಲೋ ಒಂದು ಕಡೆ ಲೈಬ್ರರಿಯ ಕರೆಯನ್ನು ಬಿಟ್ಟು ಹೆಡರನ್ನು ನೇರವಾಗಿ ಓದಿದ್ದೀರಿ ಎಂದರ್ಥ.